ನಿಮ್ಮವ್ವನ ಚಪ್ಪಲಿ ಎತ್ತಬ್ಯಾಡ್ರಿ

"ಯಾರರ ಅದೀರ್ರೇಪಾ?"

ಬೆಳಕು ಇನ್ನೂ ಪೂರ್ತಿ ಹರದಿಲ್ಲ. ನೀರಿನ ಮ್ಯಾಲ ಮಂಜು ಕುಂತೈತಿ. ಬೇವಿನವಾಡಿ ಧರಣದ, ಅಂದ್ರ ಡ್ಯಾಮಿನ, ನಟ್ಟನಡುವ ಇರೋ ಸಣ್ಣ ನಡುಗಡ್ಡಿ ಮ್ಯಾಲ ಐವತ್ತೊಂಬತ್ತು ವರ್ಷದ ಗುರುಬಾಯಿ ಬರಿಗಾಲಿಲೆ ನಿಂತು ಕೂಗಾಕತ್ತಾರ. ಬಗಲಾಗ ಕಸಬರಿಗಿ, ಕೈಯಾಗ ಒಂದು ಬಡಗಿ ಕೋಲು. ಒಮ್ಮೆ ಕೂಗ್ತಾರ, ನಿಲ್ತಾರ, ಕಿವಿಗೊಟ್ಟು ಕೇಳ್ತಾರ. ಬಾರಿಕಂಟಿಯಾಗಿಂದ ಒಂದು ಟಿಟವಿ ಹಕ್ಕಿ ಕಿರಚಿಕೋತ ಹಾರಿ ಹೋಗ್ತೈತಿ. ಮತ್ತ ಎಲ್ಲಾ ಸುಮ್ಮ.

"ಇಲ್ಲಿ ಯಾರೂ ಇಲ್ಲ" ಅಂತ ತಮಗ ತಾವ ಹೇಳಿಕೊಂಡು ಮುಂದಿನ ಕಂಟಿ ಕಡೆ ಹೋಗ್ತಾರ. ಬಡಗಿಲೆ ಕಂಟಿ ಸರಿಸಿ ನೋಡ್ತಾರ.

ಕೆಳಗ ದೋಣ್ಯಾಗ ಹುಟ್ಟು ಹಿಡಕೊಂಡು ಕುಂತಾವ್ರು ಶಿವಾನಂದ, ಗುರುಬಾಯಿಯವರ ಮೈದುನ. ಚಳಿಗೆ ತಲಿಗೆ ಟಾವೆಲ್ ಸುತ್ಕೊಂಡಾರ. "ವೈನಿ, ನಿನ್ನೆ ಸಂಜಿಕ ಎಲ್ಲಾ ನೋಡೇ ಹೋಗೀವಿ. ರಾತ್ರಿ ಏನು ಈಸಿಕೊಂಡು ಬರ್ತಾರೇನು ಮಂದಿ?" ಅಂತಾರ.

"ಸಂಜಿಕ ನೋಡಿದ್ದು ಸಂಜಿಗೆ ಆತು. ನೀ ಸುಮ್ನ ಕುಂದ್ರು."

ದಿನಾ ಇದ ಮಾತು. ದಿನಾ ಇದ ಉತ್ತರ. ನಾಕು ವರ್ಷಾತು.

ಅಕ್ಕಲಕೋಟದಾಗ ದರ್ಶನ ಮುಗಿಸ್ಕೊಂಡು ದುಧನಿ ರೋಡ್ ಹಿಡದ್ರ, ನಡುವ ಎಡಕ್ಕ ಒಂದು ಕಚ್ಚಾ ದಾರಿ ಒಡೀತೈತಿ. ಬೋರ್ಡಿಲ್ಲ, ಒಂದು ಚಹಾದ ಡಬ್ಬಿ ಅಂಗಡಿ ಅಷ್ಟ. ಆ ದಾರಿಲೆ ಆರು ಕಿಲೋಮೀಟರ್ ಹೋದ್ರ ನೀರು. ಸೋಲಾಪುರದ ಮಂದಿ ಈಗೀಗ ಇದಕ್ಕ 'ಐಲ್ಯಾಂಡ್' ಅನ್ನಾಕತ್ತಾರ. ಐತವಾರ ಬಂತಂದ್ರ ಜೀಪೇನು, ಬೈಕೇನು, ಡ್ರೋನ್ ಹಾರಸಾವ್ರೇನು! ಊರಾವ್ರು ಮಾತ್ರ ಇನ್ನೂ 'ಮಡ್ಡಿ' ಅಂತಾರ. ಯಾಕಂದ್ರ ಅದು ಮಡ್ಡಿನ ಇತ್ತು. ಇಪ್ಪತ್ತೈದು ವರ್ಷದ ಹಿಂದ ಧರಣ ತುಂಬಿದಾಗ ಹಳೇ ಬೇವಿನವಾಡಿ ಮುಳುಗಿತು, ಸುತ್ತಿನ ಜ್ವಾಳದ ಹೊಲ ಮುಳುಗಿದ್ವು, ಎತ್ತರಕ್ಕಿದ್ದ ಈ ಕಲ್ಲುಮಡ್ಡಿ ಒಂದ ಉಳೀತು. ಅದರ ಮ್ಯಾಲ ಒಂದು ಬೇವಿನಗಿಡ, ಒಂದು ಸಿದ್ಧನ ಗದ್ದಗಿ, ಮತ್ತ ಗುರುಬಾಯಿಯವರ ಮನಿತನದ ಹಳೇ ಕಣ. ವಳಸಂಗದಿಂದ ಸೊಸಿಯಾಗಿ ಬಂದ ಮೊದಲ್ನೇ ವರ್ಷ ಅವ್ರು ಇದ ಕಣದಾಗ ಜ್ವಾಳಾ ತೂರ್ಯಾರ. ಈಗ ಅದ ಜಾಗಾದಾಗ ಮಂದಿ ಸತರಂಜಿ ಹಾಸಿ ಹುಟ್ಟುಹಬ್ಬದ ಕೇಕ್ ಕೊಯ್ತಾರ.

ಗಂಡ ಅಮೃತಪ್ಪ ಹೊಲ ಹೋದ ಮ್ಯಾಲ ಮೀನುಗಾರರ ಕಡಿಂದ ಒಂದು ಹಳೇ ದೋಣಿ ತಗೊಂಡ್ರು. ಗದ್ದಗಿಗೆ ಹೋಗಾವ್ರನ್ನ ದಾಟಿಸೋದು ಅವ್ರ ಕೆಲಸ, ದಂಡಿ ಮ್ಯಾಲ ನಿಂತು ಮಂದೀನ ಕಾಯೋದು ಹೆಂಡ್ತಿ ಕೆಲಸ. ಹನ್ನೊಂದು ವರ್ಷದ ಹಿಂದ ಅಮೃತಪ್ಪ ಎದಿ ಹಿಡಕೊಂಡು ಕುಂತಾವ್ರು ಏಳ್ಲಿಲ್ಲ. ಹುಟ್ಟು ಶಿವಾನಂದರ ಕೈಗೆ ಬಂತು. ಗುರುಬಾಯಿಯವರ ಜಾಗಾ ಬದಲಾಗ್ಲಿಲ್ಲ.

ಒಂದು ಸರ್ತಿಗೆ ಹನ್ನೆರಡು ಮಂದಿ, ಹದಿಮೂರನೇದವ್ರು ಮಂತ್ರಿ ಆದ್ರೂ ದಂಡಿ ಮ್ಯಾಲ ನಿಲ್ಲಬೇಕು. ಹೋಗಾಕ ಹದಿನೈದು ನಿಮಿಷ, ಬರಾಕ ಹದಿನೈದು. ಐತವಾರ ಒಂಬತ್ತ್-ಹತ್ತು ಸಾರಿ ಆಕ್ಕೈತಿ, ಉಳದ ದಿನ ಎರಡೋ ಮೂರೋ. ಮಡ್ಡಿ ಸುತ್ತ ಒಂದು ಸುತ್ತು ಹಾಕಾಕ ಗುರುಬಾಯಿಯವರಿಗೆ ಇಪ್ಪತ್ತು ನಿಮಿಷ. ಮುಂಜಾನಿ ಒಂದು ಸುತ್ತು, ಸಂಜಿಕ ಒಂದು.

ಇಷ್ಟು ಮಂದಿ ಲೆಕ್ಕ ಹೆಂಗಿಡ್ತಾರ? ಅವ್ರು ಸಾಲಿ ಮುಖಾ ನೋಡಿಲ್ಲ. ಅವ್ರ ಲೆಕ್ಕ ಚಪ್ಪಲಿ. ಸಿದ್ಧನ ಗದ್ದಗಿ ಇರೋದ್ರಿಂದ ಮಡ್ಡಿ ಮ್ಯಾಲ ಯಾರೂ ಚಪ್ಪಲಿ ಮೆಟ್ಟಂಗಿಲ್ಲ, ಅದು ಹಿಂದಿನಿಂದ ಬಂದ ನೇಮ. ದೋಣಿ ಹತ್ತಾವ್ರು ಎಲ್ಲಾರೂ ದಂಡಿ ಮ್ಯಾಲ ಚಪ್ಪಲಿ ಬಿಡಬೇಕು, ಸಾಲಾಗಿ, ಬೆರಳಿನ ಕಡೆ ಮಡ್ಡಿಗೆ ಮುಖಾ ಮಾಡಿ. ತಿರುಗಿ ಬಂದಾವ್ರು ಮೆಟ್ಕೊಂಡು ಹೋಗ್ತಾರ. ಸಂಜಿಕ ಸಾಲಿನಾಗ ಒಂದು ಜೋಡು ಉಳದ್ರ ಒಬ್ರು ಅಲ್ಲಿ ಉಳದಾರ. ಸಾಲು ಖಾಲಿ ಆದ್ರ ಮಡ್ಡಿ ಖಾಲಿ. ಓದು ಬರಹ ಇಲ್ದಾವ್ರು ಇದಕ್ಕಿಂತ ಛಲೋ ಲೆಕ್ಕ ಎಲ್ಲಿಂದ ತರಬೇಕು?

ಮೊನ್ನೆ ಒಂದು ಐತವಾರ ಮಂದ್ರೂಪದಿಂದ ಬಂದ ಒಂದು ಗುಂಪು ಬೂಟು ಬಿಚ್ಚಾಕ ಹಿಂದ ಮುಂದ ನೋಡಾಕತ್ತಿತ್ತು. ಅದರಾಗ ಒಬ್ಬಾವ, ಕಪ್ಪು ಚಸ್ಮಾದಾವ, "ಮಾವಶಿ, ನನ್ನ ಬೂಟು ಪುಣೇದಾಗ ತಗೊಂಡಿದ್ದು. ನೆಟ್ಟಗ ಕಾಯ್ಕೊಂಡಿರ್ತೀರಿಲ್ಲೋ?" ಅಂದ.

"ನಿನ್ನ ಬೂಟು ಯಾರು ಕಾಯ್ತಾರೋ ಖೋಡಿ? ನಾ ನಿನ್ನ ಕಾಯಾಕತ್ತೀನಿ."

ಗುಂಪೆಲ್ಲಾ ಹೋ ಅಂತ ನಕ್ತು. ಶಿವಾನಂದ ಹುಟ್ಟಿನ ಮ್ಯಾಲ ಗದ್ದ ಊರಿ, "ಬಿಚ್ಚಪಾ ಬಿಚ್ಚು. ನಮ್ಮ ವೈನಿ ಮುಂದ ತಹಶೀಲದಾರನೂ ಬಿಚ್ಯಾನ. ಅವನ ಸಾಕ್ಸಿಗೆ ತೂತು ಇದ್ವು, ನಾ ಯಾರಿಗೂ ಹೇಳಿಲ್ಲ" ಅಂದ್ರು.

ದೋಣಿ ಬಿಡೂಕಿಂತ ಮೊದಲ ಗುರುಬಾಯಿ ಎಲ್ಲಾರಿಗೂ ಒಂದು ಪಾಠ ಹೇಳ್ತಾರ. ರಜಾ ಕಳಿಯಾಕ ಈ ಕಡೆ ಬರೋ ವಿಚಾರ ಇದ್ದಾವ್ರು ಇದನ್ನ ಕತ್ತರಿಸಿ ಕಿಸೆದಾಗ ಇಟ್ಕೊಂಡ್ರೂ ನಡೀತೈತಿ. ಬರೋದಾದ್ರ ಮುಂಜಾನಿ ಹನ್ನೊಂದರೊಳಗ ಬರ್ರಿ, ಮಧ್ಯಾಹ್ನ ಮೂರು ದಾಟಿದ್ರ ಗಾಳಿ ಏಳ್ತೈತಿ. ಆಷಾಢದಾಗ ಬರಬ್ಯಾಡ್ರಿ, ಬಂದ್ರೂ ದೋಣಿ ಬಿಡಂಗಿಲ್ಲ, ದಂಡಿ ಮ್ಯಾಲ ಕುಂತು ಬುತ್ತಿ ಉಂಡು ಹೋಗ್ರಿ. ಕುಡಿಯೋ ನೀರು ಮನಿಂದ ತರ್ರಿ. ಸುತ್ತ ಅಷ್ಟು ನೀರು ಕಂಡ್ರೂ ಒಂದು ಗುಟುಕು ಬಾಯಿಗೆ ಹಾಕೂವಂಥದ್ದಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಸಾಕು. ಅಲ್ಲಿ ಒಲಿ ಹೂಡಬ್ಯಾಡ್ರಿ, ಒಣ ಹುಲ್ಲು ಭಗ್ ಅಂತ ಹತ್ಕೋತೈತಿ. ಇರೋದು ಒಂದ ಬೇವಿನಗಿಡ, ಒಂದ ನೆರಳು. ವಯಸ್ಸಾದಾವ್ರಿಗೆ ಮೊದಲು ಜಾಗಾ ಬಿಡ್ರಿ. ಫೋನ್ ಹತ್ತೋದು ಗದ್ದಗಿ ಹಿಂದಿನ ಹಾಸುಗಲ್ಲಿನ ಮ್ಯಾಲ ಮಾತ್ರ. ದೋಣ್ಯಾಗ ಎದ್ದು ನಿಂತು ಫೋಟೋ ಹೊಡಕೋಬ್ಯಾಡ್ರಿ.

"ಮತ್ತ ಮೂಡಣ ದಿಕ್ಕಿಗೆ ಕಾಲ್ ತೊಳಿಯಾಕ ಇಳೀಬ್ಯಾಡ್ರಿ" ಅನ್ನೂವಾಗ ಅವ್ರ ದನಿ ಗಟ್ಟಿ ಆಕ್ಕೈತಿ. "ಮೊಣಕಾಲ ಮಟ ನೀರು ಕಾಣ್ತೈತಿ ಖರೆ, ಕೆಳಗ ನಮ್ಮ ಹಳೇ ಬಾವಿ ಐತಿ. ಒಂದು ಹೆಜ್ಜಿ ಇಟ್ರ ನಲವತ್ತು ಮೊಳ."

ಇಷ್ಟೂ ಮಾತು ದಂಡಿ ಮ್ಯಾಲ ಒಂದು ತಗಡಿನ ಬೋರ್ಡಿನ ಮ್ಯಾಲೂ ಬರದೈತಿ, ಮರಾಠಿಯಾಗ. ಗುರುಬಾಯಿ ಕನ್ನಡದಾಗ ಹೇಳ್ಯಾರ, ಬರದಾಕಿ ಮರಾಠಿಯಾಗ ಬರದಾಳ, ಯಾಕಂದ್ರ ಬರೂ ಹುಡುಗರಿಗೆ ಕನ್ನಡ ಮಾತಾಡಾಕ ಬರ್ತೈತಿ, ಓದಾಕ ಬರಂಗಿಲ್ಲ. ಬೋರ್ಡಿನ ಕಡೀ ಸಾಲು ಓದಿ ಎಲ್ಲಾರೂ ನಗ್ತಾರ. ಆ ಕಪ್ಪು ಚಸ್ಮಾದಾವನೂ ನಕ್ಕ. ಕನ್ನಡಕ್ಕ ತಂದ್ರ ಅದು ಹಿಂಗ ಆಕ್ಕೈತಿ: 'ಇನ್ನೊಬ್ಬರ ಚಪ್ಪಲಿ ಎತ್ತಬ್ಯಾಡ್ರಿ, ನಿಮ್ಮವ್ವಂದಾದ್ರೂ ಎತ್ತಬ್ಯಾಡ್ರಿ.'

"ಇಲ್ಲಿ ಚಪ್ಪಲಿ ಕಳುವು ಭಾಳ ಏನ್ರಿ?" ಅಂತ ಕೇಳ್ತಾರ ಮಂದಿ.

"ಹೂಂ, ಹಂಗ ತಿಳ್ಕೋರಿ" ಅಂತಾರ ಗುರುಬಾಯಿ. ಬೂಟಿನ ಸಾಲು ನೆಟ್ಟಗ ಮಾಡೋ ನೆವದಾಗ ಬಗ್ಗಿಬಿಡ್ತಾರ.

ಕಳುವಿನ ಮಾತಲ್ಲ ಅದು. ನಾಕು ವರ್ಷದ ಹಿಂದಿನ ಎಳ್ಳಮಾಸಿ ಮಾತು.

ಎಳ್ಳಮಾಸಿ ಅಂದ್ರ ಈ ಸೀಮಿಯಾಗ ಮನಿಯಾಗ ಯಾರೂ ಉಣ್ಣಂಗಿಲ್ಲ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯಾ, ಕಡಬು ಎಲ್ಲಾ ಕಟ್ಕೊಂಡು ಹೊಲಕ್ಕ ಹೋಗ್ತಾರ, ಭೂಮ್ತಾಯಿಗೆ ಎಡಿ ಅಂತ ಅದನ್ನ ಹೊಲದಾಗ ಚರಗ ಚೆಲ್ತಾರ, ಚೆಲ್ಲೂವಾಗ ಗಟ್ಟಿಯಾಗಿ ಕೂಗ್ತಾರ. ಹೊಲ ಮುಳುಗಿದಾವ್ರು ಎಲ್ಲಿ ಹೋಗಬೇಕು? ಅವ್ರು ಮಡ್ಡಿಗೆ ಬರ್ತಾರ. ಮಡ್ಡಿ ಮ್ಯಾಲ ನಿಂತು ನೀರಿಗೆ ಚರಗ ಚೆಲ್ತಾರ, ಕೆಳಗ ಇರೋ ಹೊಲಕ್ಕ ಮುಟ್ಲಿ ಅಂತ.

ಆ ವರ್ಷ ಸೋಲಾಪುರದಿಂದ ಮೂರು ಜೀಪಿನಾಗ ಹತ್ತೊಂಬತ್ತು ಮಂದಿ ಬಂದಿದ್ರು. ಅವ್ರಾಗ ಹಿರಿಯಾಕಿ ಕಸ್ತೂರಬಾಯಿ, ಎಪ್ಪತ್ತೆರಡು ವರ್ಷ, ಹಳೇ ಬೇವಿನವಾಡಿ ಮನಿಮಗಳು. ಮಕ್ಕಳು ಸೋಲಾಪುರದ ಆಫೀಸಿನಾಗ ಕಾರಕೂನರು. ಮೂವತ್ತು ವರ್ಷದ ಮ್ಯಾಲ ತವರು ನೋಡಾಕ ಬಂದಿದ್ರು, ಉಳದಿದ್ದು ಇಷ್ಟ ತವರು. ಊಟ ಆತು, ಚರಗ ಆತು. ಮಂದಿ ಒಂದು ದೋಣಿಗೆ ಹನ್ನೆರಡರಂಗ ಇಳಿಯಾಕ ಸುರು ಮಾಡಿದ್ರು. ಕಸ್ತೂರಬಾಯಿ ಸೊಸಿಗೆ, "ನಾ ಗದ್ದಗಿ ಹಿಂದ ಸ್ವಲ್ಪ ಕುಂದರ್ತೀನಿ. ಅಲ್ಲಿಂದ ನಮ್ಮಪ್ಪನ ಹೊಲದ ದಿಕ್ಕು ಕಾಣ್ತೈತಿ. ಹಿಂದಿಂದ ಬರೂ ದೋಣ್ಯಾಗ ಬರ್ತೀನಿ" ಅಂದ್ರು. ಅತ್ತಿ ತಮ್ಮ ಮಕ್ಕಳ ಜೋಡಿ ಬರ್ತಾರ ಅಂತ ಸೊಸಿ ತಿಳದ್ರು.

ಮೊದಲ್ನೇ ದೋಣ್ಯಾಗ ಬಂದಿದ್ಲು ಮೊಮ್ಮಗಳು ಶ್ರೀಲೇಖಾ, ಆವಾಗ ಹದಿನೇಳು ವರ್ಷ. ದಂಡಿ ಮ್ಯಾಲ ಅಜ್ಜಿ ಚಪ್ಪಲಿ ಕಂಡ್ವು, ಮೆತ್ತನ ಹಿಮ್ಮಡದ ಡಾಕ್ಟರ್ ಚಪ್ಪಲಿ, ಕೆಸರಾಗಿದ್ವು. ಅಜ್ಜಿ ದಣದು ಬರ್ತಾಳ, ಬಗ್ಗಿ ಹುಡುಕಬಾರ್ದು ಅಂತ ಆ ಹುಡುಗಿ ಎತ್ಕೊಂಡ್ಳು. ತನ್ನ ಓಢಣಿಲೆ ಒರಸಿ ಜೀಪಿನಾಗ ಅಜ್ಜಿ ಕುಂದ್ರೋ ಜಾಗಾದ ಮುಂದ ಜೋಡಿಸಿಟ್ಲು. ಆಮ್ಯಾಲ ದೊಡ್ಡಪ್ಪ ಬಂದ್ರು, ಕಾಕಾ ಬಂದ್ರು, ಗದ್ದಲ. ಅಜ್ಜಿ ಆ ಜೀಪಿನಾಗ ಅದಾಳ ಅಂತ ಇವ್ರು, ಈ ಜೀಪಿನಾಗ ಅದಾಳ ಅಂತ ಅವ್ರು. ಅಜ್ಜಿ ಬರಿಗಾಲಿಲೆ ದೊಡ್ಡಪ್ಪನ ಜೀಪ್ ಹತ್ಯಾಳ ಅಂತ ಶ್ರೀಲೇಖಾ ಅಂದ್ಕೊಂಡ್ಳು. ಮೂರೂ ಜೀಪ್ ಹೋದ್ವು.

ಹೊತ್ತು ಮುಣುಗೂವಾಗ ಕಡೀ ದೋಣಿ ಬಂತು. ಗುರುಬಾಯಿ ದಂಡಿ ನೋಡಿದ್ರು. ಒಂದು ಚಪ್ಪಲಿನೂ ಇಲ್ಲ. "ಆತು, ಎಲ್ಲಾರೂ ಬಂದ್ರು" ಅಂದ್ರು. ಶಿವಾನಂದ ಹಗ್ಗ ಕಟ್ಟಿದ್ರು.

ಆವಾಗ ನೀರಿನ ಮ್ಯಾಲಿಂದ ಒಂದು ದನಿ ಬಂತು. ದೂರ, ಸಣ್ಣಾಗಿ.

"ವೈನಿ, ಯಾರೋ ಕೂಗಿದಾಂಗ ಆತು" ಅಂದ್ರು ಶಿವಾನಂದ.

"ಎಳ್ಳಮಾಸಿ ಅಲ್ಲೇನೋ. ಯಾರೋ ಹೊತ್ತು ಮಾಡಿ ಚರಗ ಚೆಲ್ಲಾಕತ್ತಾರ. ನಡಿ, ಚಳಿ."

ಅಷ್ಟ. ಅಷ್ಟ ಮಾತು. ಇವತ್ತಿಗೂ ಗುರುಬಾಯಿ ಆ ಮಾತು ಹೇಳೂವಾಗ ಕೊನೀ ಶಬ್ದಕ್ಕ ಬಂದು ನಿಂತುಬಿಡ್ತಾರ. "ಚಳಿ ಅಂದೆರಿ ನಾನು. ನನಗ ಚಳಿ ಹತ್ತಿತ್ತು. ಆಕಿ ಅಲ್ಲಿ ಬರೇ ಒಂದು ಇಳಕಲ್ ಸೀರಿ ಉಟ್ಕೊಂಡು ಕುಂತಿದ್ಲು."

ಮನಿಯಾವ್ರಿಗೆ ಗೊತ್ತಾಗಿದ್ದು ಸೋಲಾಪುರ ಮುಟ್ಟಿ, ಒಬ್ರ ಮನಿಗೊಬ್ರು ಫೋನ್ ಹಚ್ಚಿ ಕೇಳಿದ ಮ್ಯಾಲ, ನಡುರಾತ್ರಿಗೆ. ಕಸ್ತೂರಬಾಯಿ ಕಡೆ ಫೋನ್ ಇರ್ಲಿಲ್ಲ, ದೋಣಿಯಾವ್ರ ನಂಬರು ಯಾರ ಕಡೇನೂ ಇರ್ಲಿಲ್ಲ. ತಿರುಗಿ ಬಂದು, ಕತ್ತಲಾಗ ಮನಿ ಹುಡುಕಿ ಶಿವಾನಂದರ ಬಾಗಲಾ ಬಡಿಯೂ ಹೊತ್ತಿಗೆ ನಸುಕು ಹರೀತಿತ್ತು. ದೋಣ್ಯಾಗ ಗುರುಬಾಯಿನೂ ಹೋದ್ರು. ಕಸ್ತೂರಬಾಯಿ ಗದ್ದಗಿ ಗ್ವಾಡಿಗೆ ಆನಕೊಂಡು, ತಲಿಮ್ಯಾಲ ಸೆರಗು ಹೊತ್ತು ಕುಂತಿದ್ರು. ಜೀವ ಇತ್ತು. ಕೈ ಹಿಡದ್ರ ಕಲ್ಲು ಹಿಡದಾಂಗ. ಗುರುಬಾಯಿ ಮುಖಾ ನೋಡಿ ಅವ್ರು ಬೈಲಿಲ್ಲ. "ಭಾಳ ಹೊತ್ತು ಕೂಗಿದ್ನೆವ್ವಾ. ಆಮ್ಯಾಲ ನಿಮಗ್ಯಾಕ ತ್ರಾಸ ಅಂತ ಸುಮ್ನಾದೆ" ಅಂದ್ರು.

ಐದನೇ ದಿನಕ್ಕ ಸೋಲಾಪುರದಾಗ ತೀರ್ಕೊಂಡ್ರು. ಎದಿಯಾಗ ಕಫ ಕಟ್ಟಿತ್ತಂತ.

ಯಾರೂ ತಕರಾರು ಮಾಡ್ಲಿಲ್ಲ, ಪೊಲೀಸರು ಬರ್ಲಿಲ್ಲ. ಮಣ್ಣಿಗೆ ಹೋದ ಗುರುಬಾಯಿಗೆ ಆ ಮನಿಯಾವ್ರು ಚಹಾನೂ ಕೊಟ್ರು. "ಬೈದಿದ್ರ ಛಲೋ ಇತ್ತು" ಅಂತಾರ ಅವ್ರು. ಮೂಲಿಯಾಗ ಆ ಹುಡುಗಿ ಶ್ರೀಲೇಖಾ ಕುಂತಿದ್ಲು, ತೊಡಿ ಮ್ಯಾಲ ಆ ಚಪ್ಪಲಿ. ಒರಸಿ ಒರಸಿ ಅವುಕ್ಕ ಬಣ್ಣಾನ ಉಳದಿರ್ಲಿಲ್ಲ. ಗುರುಬಾಯಿ ಹೋಗಿ ಬಾಜೂಕ ಕುಂತ್ರು. ಮುಂದಿನ ಎಳ್ಳಮಾಸಿಗೆ ಆ ಹುಡುಗಿ ಒಬ್ಬಾಕಿನ ಎಸ್‌ಟಿ ಬಸ್ಸಿನಾಗ ಬಂದ್ಲು, ಕೈಯಾಗ ಬಣ್ಣದ ಡಬ್ಬಿ, ಬ್ರಶ್. "ಮಾವಶಿ, ನೀವು ಹೇಳ್ರಿ, ನಾ ಬರೀತೀನಿ" ಅಂದ್ಲು. ಗುರುಬಾಯಿ ಬಾವಿ ಮಾತಿನ ತನಕ ಹೇಳಿ ನಿಲ್ಲಿಸಿದ್ರು. ಕಡೀ ಸಾಲು ಆ ಹುಡುಗಿ ತಾನ ಬರದ್ಲು, ಬರದು ಓದಿ ಹೇಳಿದ್ಲು.

ಅವತ್ತಿನಿಂದ ಗುರುಬಾಯಿ ಖಾಲಿ ದಂಡಿ ನಂಬೂದಿಲ್ಲ. ಕಡೀ ಮಂದಿ ಇಳದ ಮ್ಯಾಲ ತಾವು ದೋಣಿ ಹತ್ತಿ ಹೋಗ್ತಾರ, ಸುತ್ತು ಹಾಕ್ತಾರ, ಕೂಗ್ತಾರ. ಹೋಗೂವಾಗ ತಮ್ಮ ಚಪ್ಪಲಿ ದಂಡಿ ಮ್ಯಾಲ ಬಿಟ್ಟು ಹೋಗ್ತಾರ, ಬೆರಳಿನ ಕಡೆ ಮಡ್ಡಿಗೆ ಮುಖಾ ಮಾಡಿ. ಇದಕ್ಕ ಯಾರೂ ಪಗಾರ ಕೊಡಂಗಿಲ್ಲ, ಯಾರೂ ಕೇಳೂದೂ ಇಲ್ಲ.

ಈಗ ಅದೂ ಮುಗಿಯಾಕ ಬಂದೈತಿ. ಬರೂ ಪಾಡವಾ, ಅಂದ್ರ ಯುಗಾದಿಯಿಂದ ಬೋಟಿಂಗ್ ಗುತ್ತಿಗಿ ಒಂದು ಹೊಸಾ ಕಂಪನಿಗೆ ಹೋಗೈತಿ. ಎರಡು ಮೋಟಾರ್ ಬೋಟ್, ಸಿಮೆಂಟಿನ ಕಟ್ಟಿ, ಮಡ್ಡಿ ಮ್ಯಾಲ ಫರಸಿ ದಾರಿ. ಚಪ್ಪಲಿ ಗದ್ದಗಿ ಮುಂದ ಬಿಟ್ರ ಸಾಕಂತ. ಬಂದಾವ್ರ ಮುಂಗೈಗೆ ಕಾಗದದ ಪಟ್ಟಿ, ಹೋಗೂವಾಗ ಒಮ್ಮೆ, ಬರೂವಾಗ ಒಮ್ಮೆ ಮಶೀನಿಗೆ ತೋರಿಸ್ಬೇಕು. ಶಿವಾನಂದರಿಗೆ ಮೋಟಾರ್ ಬೋಟಿನಾಗ ಕೆಲಸ ಐತಿ. ಗುರುಬಾಯಿಗೆ ಕ್ಯಾಂಟೀನಿನಾಗ ರೊಟ್ಟಿ ಬಡೀರಿ ಅಂದಾರ.

"ರೊಟ್ಟಿ ಯಾರರ ಬಡೀತಾರ" ಅಂದ್ರು ಗುರುಬಾಯಿ. "ನನಗ ಕಡೀ ಬೋಟಿನಾಗ ಒಂದು ಜಾಗಾ ಕೊಡ್ರಿ, ಸಾಕು."

ಕಂಪನಿ ಮ್ಯಾನೇಜರ್ ಸಚಿನ, ಮೂವತ್ತ್ನಾಕು ವರ್ಷದ ಸೋಲಾಪುರದ ಮನಶಾ, ಕೆಟ್ಟಾವ ಏನಲ್ಲ. "ಮಾವಶಿ, ಮಶೀನ್ ಬಂದ್ ಆದ ಮ್ಯಾಲ ಮಡ್ಡಿಗೆ ಯಾರೂ ಹೋಗಾಂಗಿಲ್ಲ. ಇನ್ಶೂರನ್ಸಿನ ನಿಯಮ. ನಾ ಏನು ಮಾಡ್ಲಿ?" ಅಂತಾನ. ಅವನ ಮಾತೂ ಖರೇನ.

ಮಂದ್ರೂಪದ ಗುಂಪು ಬಂದ ಆ ಐತವಾರ ಕಂಪನಿಯಾವ್ರು ಮಶೀನ್ ತಂದು ತಪಾಸ ಮಾಡಿ ನೋಡಾಕತ್ತಿದ್ರು. ಎಂಬತ್ತಾರು ಮಂದಿ ಹೋದ್ರು. ಸಂಜಿಕ ಎಂಬತ್ತಾರು ಮಂದಿ ಬಂದ್ರು. ಕಪ್ಪು ಚಸ್ಮಾದಾವನೂ ತನ್ನ ಪುಣೇ ಬೂಟು ಮೆಟ್ಕೊಂಡು, "ಮಾವಶಿ, ನಾ ಬಂದೆ, ಹೆಸರು ಹೊಡೀರಿ" ಅಂತ ಚಾಷ್ಟಿ ಮಾಡಿ ಹೋದ. ಮಶೀನಿನಾಗ ಹಸರು ದೀಪ ಹತ್ತಿತು. ಸಚಿನ ಅದನ್ನ ಗುರುಬಾಯಿ ಮುಖದ ಮುಂದ ಹಿಡದು, "ಬಘಾ ಮಾವಶಿ, ನೋಡ್ರಿ. ಝಾಲಂ, ಆತು. ಒಬ್ರೂ ಉಳದಿಲ್ಲ" ಅಂದ.

"ಛಲೋ ಆತಪಾ" ಅಂದ್ರು ಗುರುಬಾಯಿ. ತಮ್ಮ ಚಪ್ಪಲಿ ಬಿಟ್ರು. "ಶಿವಾನಂದಾ, ತಗಿ ದೋಣಿ."

"ಅಲ್ಲ ಮಾವಶಿ, ಈ ನಾಕು ವರ್ಷದಾಗ ನಿಮಗ ಎಷ್ಟು ಮಂದಿ ಸಿಕ್ಕಾರ ಅಲ್ಲಿ?"

"ಒಬ್ರೂ ಇಲ್ಲ."

"ಮತ್ತ ಯಾಕ ಹೋಗ್ತೀರಿ?"

"ಸಿಗಬಾರ್ದಂತ."

ದೋಣಿ ಹೊಂಟಿತು. ಗಾಳಿ ಎದ್ದಿತ್ತು, ನೀರು ದಂಡಿಗೆ ಬಡೀತಿತ್ತು. ಗುರುಬಾಯಿ ಹಿಂದ ಹೊಳ್ಳಿ ನೋಡಿದ್ರು. ತೆರಿ ಬಂದು ಅವ್ರ ಚಪ್ಪಲಿ ತೊಯ್ಯಿಸಾಕತ್ತಿತ್ತು. ಸಚಿನ ಬಗ್ಗಿದ. ಹಿರಿಯಾಕಿ ಚಪ್ಪಲಿ ತೊಯ್ಬಾರ್ದು ಅಂತ ಎರಡೂ ಎತ್ಕೊಂಡ, ನೀರು ಝಾಡಿಸಿ, ತನ್ನ ಗಾಡಿ ಕಡೆ ಹೊಳ್ಳಿದ.

"ಏ ಸಚಿನಾ! ಇಡೋ! ಇಡ ಅಲ್ಲೇ!"

ಶಿವಾನಂದರ ಕೈಯಾಗಿನ ಹುಟ್ಟು ನಿಂತುಬಿಡ್ತು. ವೈನಿ ಇಷ್ಟು ಗಟ್ಟಿ ಒದರಿದ್ದು ಅವ್ರು ಹನ್ನೊಂದು ವರ್ಷದಾಗ ಕೇಳಿರ್ಲಿಲ್ಲ.

"ತೊಯ್ತಾವ್ರೀ ಮಾವಶಿ!"

"ತೊಯ್ಲಿ! ತಿರುವಿ ಇಡಬ್ಯಾಡ, ಹೆಂಗಿದ್ವು ಹಂಗ ಇಡು!"

ಸಚಿನ ಚಪ್ಪಲಿ ಹಿಡಕೊಂಡು ನಿಂತ. ಒಮ್ಮೆ ಕೈಯಾಗಿನ ಚಪ್ಪಲಿ ನೋಡಿದ, ಒಮ್ಮೆ ಬೋರ್ಡು ನೋಡಿದ. ಆಮ್ಯಾಲ ನಿಧಾನಕ ಬಗ್ಗಿ, ಬೆರಳಿನ ಕಡೆ ಮಡ್ಡಿಗೆ ಮುಖಾ ಮಾಡಿ, ಇದ್ದಲ್ಲೇ ಇಟ್ಟ.

ಗುರುಬಾಯಿ ಮಡ್ಡಿ ಸುತ್ತು ಹಾಕಿದ್ರು. ಗದ್ದಗಿ ಹಿಂದ, ಬೇವಿನಗಿಡದ ಬುಡಕ, ಹಳೇ ಕಣದಾಗ, ಬಾವಿ ದಿಕ್ಕಿಗೆ. ಅಲ್ಲಲ್ಲಿ ನಿಂತು ಕೂಗಿದ್ರು. ಕುರಕುರಿ ಪಾಕೀಟು ಆರಿಸಿಕೊಂಡು ಉಡಿಗೆ ಹಾಕ್ಕೊಂಡ್ರು. ಯಾರೂ ಇರ್ಲಿಲ್ಲ.

ತಿರುಗಿ ಬಂದಾಗ ಸಚಿನ ಮನಿಗೆ ಹೋಗಿರ್ಲಿಲ್ಲ. ಮಶೀನ್ ಕಿಸೆದಾಗ ಹಾಕ್ಕೊಂಡು ಆ ಚಪ್ಪಲಿ ಬಾಜೂಕ ಕುಕ್ಕರಗಾಲಿಲೆ ಕುಂತಿದ್ದ. ಅವನ ಪ್ಯಾಂಟೂ ತೊಯ್ದಿತ್ತು.

"ಯಾರರ ಇದ್ರೇನ್ರಿ?"

"ಇಲ್ಲಪಾ."

ಗುರುಬಾಯಿ ಹಸಿ ಚಪ್ಪಲಿ ಮೆಟ್ಕೊಂಡ್ರು. ಶಿವಾನಂದ ಅವ್ರ ಕಾಲಾಗಿನ ಚಪ್ಪಲಿ ನೋಡಿದ್ರು, ನೋಡಿದ ಮ್ಯಾಲನ ದೋಣಿ ಹಗ್ಗ ಕಟ್ಟಿದ್ರು. ಅದು ಅವ್ರಿಬ್ಬರ ನಡುವಿನ ನೇಮ.

"ಸಾಹೇಬರಿಗೆ ಕೇಳ್ತೀನಿ ಮಾವಶಿ" ಅಂದ ಸಚಿನ. "ಹೂಂ ಅಂತಾರಂತ ಹೇಳಾಕ ಆಗಂಗಿಲ್ಲ."

"ಕೇಳು. ಪಗಾರ ಬ್ಯಾಡ ಅಂತ ಹೇಳು. ನಾ ಜಾಗಾನೂ ಭಾಳ ಹಿಡಿಯಂಗಿಲ್ಲ."

ಸಚಿನ ಹೋಗಾಕ ಎದ್ದಾವ ಮತ್ತ ನಿಂತ. "ನಾಳೆ ನಸುಕಿನಾಗೂ ಹೋಗ್ತೀರೇನ್ರಿ?"

ಗುರುಬಾಯಿ ಮಡ್ಡಿ ಕಡೆ ನೋಡ್ತಾರ. ನೀರಿನ ಮ್ಯಾಲ ಅದು ಈಗ ಬರೇ ಒಂದು ಕರೀ ಗುಡ್ಡಿ.

"ಪಾಡವಾಕ ಇನ್ನೂ ಹನ್ನೊಂದು ದಿನ ಅದಾವಲ್ಲೋ ತಮ್ಮಾ" ಅಂತಾರ. "ಅಲ್ಲೀತನಕಂತೂ ಆ ಮಡ್ಡಿ ಮ್ಯಾಲ ಯಾರೂ ಒಂಟಿ ಉಳಿಯಂಗಿಲ್ಲ."